ಅರಗಿನ ಮುದ್ರೆಯ ಚಿನ್ನ

ಬಂಗಾರಪೇಟೆ
ಫೆಬ್ರವರಿ ೧೯೬೨

ಚಿರಂಜೀವಿ ಆದಿಲಕ್ಷ್ಮಿಗೆ,

ಬಂಗಾರಪೇಟೆಯಿಂದ ಅನಸೂಯಮ್ಮ ಬರೆಯುವುದು. ಕಾಗದ ಶುರುಮಾಡುವಾಗ ನಾವಿಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎನ್ನುವುದು ವಾಡಿಕೆ. ಹೋದ ಭಾನುವಾರ ತಾನೇ ಬೂದಿಕೋಟೆಗೆ ಬಂದು, ನಿಮ್ಮ ಮನೆಯ ಉಪ್ಪಿಟ್ಟು ತಿಂದು, ಎಲ್ಲರನ್ನೂ ಕಣ್ಣಾರೆ ನೋಡಿಕೊಂಡು ಬಂದಿದ್ದೇನೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ. ಸುತ್ತಿ ಬಳಸಿ ಮಾತಾಡುವವರನ್ನು ನಮ್ಮ ಜಗುಲಿಯ ಮೇಲೆ ಬೇಕಾದಷ್ಟು ನೋಡಿದ್ದೇನೆ, ನನಗೆ ಆ ಅಭ್ಯಾಸ ಬರಲಿಲ್ಲ.

ನಮ್ಮ ಕೋದಂಡನಿಗೆ ನಿನ್ನನ್ನು ತರುವ ಆಸೆಯಿಂದ ನೋಡಲು ಬಂದೆವು. ನಾವು ನಿನ್ನನ್ನು ನೋಡಿದ್ದಕ್ಕಿಂತ ನಿಮ್ಮವರು ನನ್ನ ಕೊರಳನ್ನು ನೋಡಿದ್ದೇ ಹೆಚ್ಚು. ನಿಮ್ಮ ದೊಡ್ಡಮ್ಮ, ನೀವೆಲ್ಲ ಪೆದ್ದಮ್ಮ ಎನ್ನುವ ಅಮ್ಮಾಜಮ್ಮನವರು, ತಟ್ಟೆ ಇಡುತ್ತಿದ್ದ ಹಾಗೇ ಎಲ್ಲರ ಮುಂದೆ ಕೇಳಿದರು, "ಲಾಯರ್ ಎಂಡ್ತಿ ಅಂತೀರಿ, ಕೊರಳಾಗೆ ಬರೀ ಅರಿಶಿನದ ದಾರ. ಒಡವೆಯೆಲ್ಲ ಏನಾಯ್ತಮ್ಮಾ?" ಅವರ ಪಕ್ಕದಲ್ಲಿ ಕೂತಿದ್ದ ಯಜಮಾನರೊಬ್ಬರು ಅದಕ್ಕೆ ಒಗ್ಗರಣೆ ಹಾಕಿದರು. ಕಳ್ಳಚಿನ್ನದ ಕೇಸು ನಡೆಸುವವರ ಮನೆಯಲ್ಲಿ ಚಿನ್ನಕ್ಕೇನು ಬರ, ಎಲ್ಲೋ ಹೂತಿಟ್ಟಿರಬೇಕು ಎಂದು ನಕ್ಕರು. ನಮ್ಮ ಯಜಮಾನರು ತಲೆ ಎತ್ತದೆ ಉಪ್ಪಿಟ್ಟು ತಿಂದರು. ಕೋರ್ಟಿನಲ್ಲಿ ಅಷ್ಟು ಮಾತಾಡುವವರು ನೆಂಟರ ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾರೆ. ನಿಮ್ಮ ತಂದೆ ಆಂಜಿನಪ್ಪನವರು ಮಾತ್ರ ಪಾಪ, ಮುಖ ಚಿಕ್ಕದು ಮಾಡಿಕೊಂಡು ಎಲೆ ಅಡಿಕೆ ಮುಂದಿಟ್ಟರು.

ಆಮೇಲೆ ಹಿತ್ತಲಲ್ಲಿ ಕೈ ತೊಳೆಯಲು ನೀರು ಹಾಕುತ್ತಾ ನೀನು ಕೇಳಿದೆಯಲ್ಲ, ಅದು ಬೇರೆ. "ಅವ್ರು ಕೇಳಿದ್ದು ಬಿಡಿ ಅಮ್ಮಾ. ನಂಗೆ ನೀವೇ ಏಳ್ಬೇಕು. ಲಾಯರ್ ಮನೇಲಿ ನಿಜ ಯಾವ್ದು, ಸುಳ್ಳು ಯಾವ್ದು ಅಂತ ಎಂಗಸ್ರಿಗೆ ಗೊತ್ತಾಗತ್ತಾ? ಅದು ಗೊತ್ತಾಗ್ದೆ ನಾನು ಊಂ ಅನ್ನಲ್ಲ." ಅಷ್ಟರಲ್ಲಿ ಒಳಗಿಂದ ಯಾರೋ ಕರೆದರು, ನೀನು ತಂಬಿಗೆ ಕೆಳಗಿಟ್ಟು ಓಡಿದೆ. ಹಿಂತಿರುಗುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಆ ಮಾತನ್ನೇ ಯೋಚಿಸುತ್ತಿದ್ದೆ. ಹೆಣ್ಣು ಹೇಗೆ ಎಂದು ಯಜಮಾನರು ಕೇಳಿದರು. ನಮ್ಮನ್ನೇ ಕಟಕಟೆಗೆ ಹತ್ತಿಸಿದಳು, ಚೆನ್ನಾಗಿದ್ದಾಳೆ ಎಂದೆ.

ನಿನ್ನ ಊಂ ಅಥವಾ ಊಹೂಂ ಇನ್ನೂ ನಮಗೆ ಬಂದಿಲ್ಲ. ಬರುವ ಮುಂಚೆ ನಿನಗೆ ಉತ್ತರ ಸಲ್ಲಬೇಕು. ನೀನು ಟೀಚರ್ ಟ್ರೈನಿಂಗ್ ಮಾಡಿದವಳು, ನಾನು ಹಳ್ಳಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತವಳು. ತಪ್ಪಿದ್ದರೆ ತಿದ್ದಿಕೊಂಡು ಓದು.

ಲಾಯರ ಹೆಂಡತಿಯನ್ನು ಜನ ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠ. ಮದುವೆಗೆ ಹೋಗಲಿ, ಸಂತೆಗೆ ಹೋಗಲಿ, ಅವೇ. ನಿಮ್ಮವರು ಮನೆಯಲ್ಲೂ ಸುಳ್ಳು ಹೇಳುತ್ತಾರಾ? ಜಗಳವಾಡಿದರೆ ಗೆಲ್ಲುವುದು ಯಾರು? ಕೊಲೆ ಮಾಡಿದವನು ಬಂದು ಜಗುಲಿಯ ಮೇಲೆ ಕೂತರೆ ಭಯ ಆಗುವುದಿಲ್ಲವಾ? ಆಮೇಲೆ ಧ್ವನಿ ತಗ್ಗಿಸಿ, ಇಂಥವರ ಆಸ್ತಿ ಭಾಗದ ಕೇಸು ಏನಾಯಿತು, ನಿಮಗೆ ಗೊತ್ತಿರುತ್ತದಲ್ಲ, ಸ್ವಲ್ಪ ಹೇಳಿ. ಮನೆಯಲ್ಲಿ ಸುಳ್ಳು ಹೇಳುತ್ತಾರೆ ಮಗು. ಹುಳಿಗೆ ಉಪ್ಪು ಹೆಚ್ಚಾದ ದಿನ ಚೆನ್ನಾಗಿದೆ ಎನ್ನುತ್ತಾರೆ. ಜಗಳದಲ್ಲಿ ಗೆಲ್ಲುವುದು ನಾನೇ, ಏಕೆಂದರೆ ಮನೆಯಲ್ಲಿ ಅಪೀಲಿಗೆ ಹೋಗಲು ಮೇಲಿನ ಕೋರ್ಟು ಇಲ್ಲ. ಇನ್ನು ಕೇಸಿನ ವಿಷಯ. ಅದನ್ನು ನಮ್ಮ ಯಜಮಾನರು ನನಗೆ ಇಂದಿಗೂ ಹೇಳಿದವರಲ್ಲ. ನಂಬಿ ಬಂದವರ ಗುಟ್ಟು ಹೆಂಡತಿಗೂ ಸೇರಿದ್ದಲ್ಲ ಎನ್ನುವುದು ಅವರ ನೇಮ.

ಆದರೆ ಹಸುವಿಗೆ ಹೇಳುತ್ತಾರೆ. ಇದನ್ನು ನೀನು ತಿಳಿದುಕೊಂಡಿರಬೇಕು, ಕೋದಂಡನಿಗೂ ಅಪ್ಪನ ಚಾಳಿ ಬಂದಿದೆ. ವಾದ ಇರುವ ದಿನದ ಹಿಂದಿನ ಸಂಜೆ ಹಿತ್ತಲಿಗೆ ಹೋಗಿ, ಕೊಟ್ಟಿಗೆಯ ಮುಂದೆ ಅತ್ತ ಇತ್ತ ಓಡಾಡುತ್ತಾ, ನಮ್ಮ ಕೆಂಪಿಯನ್ನೇ ಮ್ಯಾಜಿಸ್ಟ್ರೇಟರೆಂದು ಮಾಡಿಕೊಂಡು ಸ್ವಾಮಿ, ಮಹಾಸ್ವಾಮಿ ಎಂದು ಶುರು ಹಚ್ಚಿಕೊಳ್ಳುತ್ತಾರೆ. ಕೆಂಪಿ ಮೆಲುಕು ಹಾಕುತ್ತಾ ಕೇಳುತ್ತದೆ. ಬಚ್ಚಲ ಒಲೆಗೆ ಸೌದೆ ಇಡುತ್ತಾ ನನ್ನ ಕಿವಿಗೂ ಬೀಳುತ್ತದೆ. ಕೇಳಿಸಿತೆಂದು ನಾನು ಹೇಳುವುದಿಲ್ಲ, ಕೇಳಿಸುತ್ತದೆಂದು ಅವರಿಗೂ ಗೊತ್ತಿಲ್ಲದೆ ಇಲ್ಲ. ಸಂಸಾರ ಎಂದರೆ ಹಾಗೇ. ಕೋದಂಡ ಇನ್ನೂ ಹೊಸಬ, ಸದ್ಯಕ್ಕೆ ಕುಂಬಳದ ಬಳ್ಳಿಯ ಮುಂದೆ ವಾದ ಮಾಡುತ್ತಾನೆ.

ನನ್ನ ಕೊರಳ ಕಥೆ ಶುರುವಾಗುವುದು ಆ ಕೊಟ್ಟಿಗೆಯ ಮುಂದೆಯೇ. ಈಗ್ಗೆ ಹತ್ತು ವರ್ಷದ ಮಾತು. ಆಗ ಚಿನ್ನದ ಗಣಿಯಲ್ಲಿ ಇನ್ನೂ ಬಿಳಿ ದೊರೆಗಳಿದ್ದರು. ಯಜಮಾನರು ಬೆಳಗಿನ ರೈಲಿಗೆ ಗಣಿ ಊರಿನ ಕೋರ್ಟಿಗೆ ಹೋಗುವರು, ಕರಿ ಕೋಟನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು. ಹಾಕಿಕೊಂಡೇ ಹೋದರೆ ಕೋರಮಂಡಲ್ ಸ್ಟೇಷನ್ ದಾಟುವಷ್ಟರಲ್ಲಿ ಎಂಜಿನ್ನಿನ ಹೊಗೆ, ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಧೂಳು ಎಲ್ಲ ಸೇರಿ ಕೋಟು ಬೂದಿಬಣ್ಣಕ್ಕೆ ತಿರುಗುತ್ತಿತ್ತು.

ನಂದಿದುರ್ಗದ ಗಣಿ ಲೈನುಗಳಲ್ಲಿ, ಅಂದರೆ ಕೂಲಿಗಳ ಸಾಲುಮನೆಗಳಲ್ಲಿ, ಆರುಮುಗಂ ಎನ್ನುವ ಕೆಲಸಗಾರನಿದ್ದ. ಅವನ ಮಗಳಿಗೆ ಮದುವೆ ಗೊತ್ತಾಗಿತ್ತು. ತಾಳಿಗೆಂದು ಅವನ ಹೆಂಡತಿ ಕನ್ನಿಯಮ್ಮ ತನ್ನ ಕಿವಿಯ ಓಲೆ ಬಿಚ್ಚಿದಳು, ಸತ್ತ ತಾಯಿಯ ಒಂದೆಳೆ ಸರವನ್ನೂ ತೆಗೆದಳು. ಎರಡನ್ನೂ ಮಾಡಿದ್ದ ನಮ್ಮ ಪೇಟೆಯ ಅಕ್ಕಸಾಲಿ ವೀರಾಚಾರಿಯ ಹತ್ತಿರವೇ ತಂದು ಕರಗಿಸಿದರು. ತಾಳಿ ಮಾಡುವ ಒಳ್ಳೆಯ ದಿನಕ್ಕೆ ಇನ್ನೂ ಒಂದು ವಾರವಿತ್ತು. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎನ್ನುವ ಗಾದೆ ಕೇಳಿಕೊಂಡು ಬೆಳೆದವನು ಆರುಮುಗಂ. ಕರಗಿದ ಗಟ್ಟಿಯನ್ನು ಆಚಾರಿಯ ಹತ್ತಿರ ಬಿಡಲು ಮನಸ್ಸಾಗದೆ ಬಟ್ಟೆಯಲ್ಲಿ ಸುತ್ತಿ ಮನೆಗೆ ತೆಗೆದುಕೊಂಡು ಹೋದ. ಬೇರೆ ಊರಿನಲ್ಲಾಗಿದ್ದರೆ ಅದು ಜಾಣತನ. ಗಣಿ ಲೈನಿನಲ್ಲಿ ಅದೇ ತಪ್ಪು. ಅಲ್ಲಿ ಓಲೆ ಇದ್ದರೆ ಓಲೆ, ಸರ ಇದ್ದರೆ ಸರ. ಗಟ್ಟಿ ಇದ್ದರೆ ಮಾತ್ರ ಅದು ಗಣಿಯಿಂದ ಕದ್ದದ್ದು ಎಂದೇ ಮೊದಲ ಅನುಮಾನ, ಅಲ್ಲ ಎಂದು ತೋರಿಸುವ ಹೊರೆ ಇಟ್ಟುಕೊಂಡವನದು. ಯಾರೋ ಆಗದವರು ಸುಳಿವು ಕೊಟ್ಟರು. ಒಲೆಯ ಮೇಲಿನ ಗೂಡಿನಲ್ಲಿ ಗಟ್ಟಿ ಸಿಕ್ಕಿತು. ಆರುಮುಗನನ್ನು ಹಿಡಿದುಕೊಂಡು ಹೋದರು.

ಕನ್ನಿಯಮ್ಮ ನಮ್ಮ ಜಗುಲಿಗೆ ಬಂದು ಕೂತಳು. ಕಿವಿಯ ತೂತು ಮುಚ್ಚದಿರಲೆಂದು ಓಲೆಯ ಜಾಗದಲ್ಲಿ ಬೇವಿನ ಕಡ್ಡಿ ಚುಚ್ಚಿಕೊಂಡಿದ್ದಳು. ಗಂಡ ಜೈಲಿಗೆ ಹೋದರೆ ಮಗಳ ಮದುವೆ ಮುರಿಯುತ್ತದೆ, ಕಳ್ಳನ ಮಗಳು ಎಂದಾದರೆ ಆಮೇಲೆ ಯಾರೂ ಬರುವುದಿಲ್ಲ. ನನಗೆ ತಮಿಳು ಅಷ್ಟಕ್ಕಷ್ಟೆ, ಅವಳಿಗೆ ಕನ್ನಡ ಅಷ್ಟಕ್ಕಷ್ಟೆ. ನಡುವೆ ತೆಲುಗು ಹಾಕಿಕೊಂಡು ಮಾತಾಡಿದೆವು. ನಾನು ಕಕ್ಷಿದಾರರಿಗೆ ಮಜ್ಜಿಗೆ ಕೊಡುತ್ತೇನೆ, ಕೇಸಿನ ಮಾತು ಕೇಳುವುದಿಲ್ಲ. ಅವಳ ಕಿವಿಯ ಕಡ್ಡಿ ನೋಡಿದ ಮೇಲೆ ಕೇಳುವುದೇನೂ ಉಳಿದಿರಲಿಲ್ಲ.

ಕೇಸು ಕಷ್ಟದ್ದಾಗಿತ್ತು. ಅದು ನನಗೆ ತಿಳಿದದ್ದು ಕೆಂಪಿಯ ದಯದಿಂದ. ಒಂದು ಸಂಜೆ ಯಜಮಾನರು ಕೊಟ್ಟಿಗೆಯ ಮುಂದೆ ಓಡಾಡುತ್ತಾ ಹೇಳುತ್ತಿದ್ದರು, ಒಡವೆಯ ಚಿನ್ನದಲ್ಲಿ ಬೆಸುಗೆಯ ತಾಮ್ರ ಸೇರಿರುತ್ತದೆ ಸ್ವಾಮಿ, ಗಣಿಯ ಚಿನ್ನದಲ್ಲಿ ಅದಿರುವುದಿಲ್ಲ. ಆ ಓಲೆ ಮಾಡಿದ ಆಚಾರಿಯೇ ಮಾಡಿದ ಇನ್ನೊಂದು ಹಳೆಯ ಒಡವೆಯನ್ನು ತಮ್ಮ ಕಣ್ಣೆದುರಿಗೇ ಕರಗಿಸಿ, ಎರಡು ಗಟ್ಟಿಗಳನ್ನೂ ಒರೆಗಲ್ಲಿಗೆ ಹಚ್ಚಿ ನೋಡಿದರೆ ಎಲ್ಲ ಬಯಲಾಗುತ್ತದೆ. ಅಷ್ಟು ಹೇಳಿ ನಿಂತರು. ಆಮೇಲೆ ಮೆಲ್ಲಗೆ, ಹಸುವಿಗಲ್ಲ, ತಮಗೆ ತಾವೇ ಹೇಳಿಕೊಂಡರು, "ಯಾವ ತಾಯಿ ಕೊಟ್ಟಾಳು ಕರಗ್ಸೋಕೆ?"

ನನ್ನ ಕೊರಳಿನಲ್ಲಿ ಎರಡೆಳೆಯ ಸರವಿತ್ತು. ಮದುವೆಯಲ್ಲಿ ನಮ್ಮಪ್ಪ ಮಾಡಿಸಿ ಹಾಕಿದ್ದು. ಮಾಡಿದವನು ಇದೇ ವೀರಾಚಾರಿ.

ಆ ಹೊತ್ತಿಗೆ ನಾನು ಮಹಾ ತ್ಯಾಗಮಯಿಯಂತೆ ಎದ್ದು ಹೋದೆನೆಂದು ತಿಳಿಯಬೇಡ. ಒಲೆಯ ಮುಂದೆ ಕೂತು ಸರ ಹಿಡಿದುಕೊಂಡು ಒಂದು ಗಳಿಗೆ ಅತ್ತೆ. ತವರಿನದ್ದು ಅದೊಂದೇ ಇತ್ತು. ಆಮೇಲೆ ಎದ್ದು ಅರಿಶಿನದ ದಾರಕ್ಕೆ ತಾಳಿ ಬೊಟ್ಟು ಪೋಣಿಸಿ ಕಟ್ಟಿಕೊಂಡು, ಸರವನ್ನು ತೆಗೆದು ಊಟದ ಎಲೆಯ ಪಕ್ಕದಲ್ಲಿಟ್ಟೆ. ಯಜಮಾನರು ನೋಡಿದರು, ಮುಟ್ಟಲಿಲ್ಲ. ಕಕ್ಷಿದಾರರ ಕಷ್ಟಕ್ಕೆ ಮನೆಯವರನ್ನು ಎಳೆಯಬಾರದು, ಅದು ನಮ್ಮ ವೃತ್ತಿಗೆ ಸಲ್ಲದ್ದು ಎಂದರು. ಸರ ನಿನ್ನದು ಎಂದು ಹೇಳಲು ನೀನೇ ಸಾಕ್ಷಿಯ ಕಟಕಟೆ ಹತ್ತಬೇಕಾಗುತ್ತದೆ, ಲಾಯರ ಹೆಂಡತಿಯನ್ನು ಎದುರು ಕಡೆಯವರು ಸುಮ್ಮನೆ ಬಿಡುವುದಿಲ್ಲ ಎಂದೂ ಹೇಳಿದರು.

"ನೀವು ಎಳೀಲಿಲ್ಲ, ನಾನೇ ಬತ್ತಿದೀನಿ," ಎಂದೆ. "ಆಯಮ್ಮ ಕಿವೀಗೆ ಕಡ್ಡಿ ಚುಚ್ಕೊಂಡು ನಮ್ ಜಗಲೀಲಿ ಕೂತವ್ಳೆ. ನಾನು ಈ ಸರ ಆಕ್ಕೊಂಡು ಎಂಗೆ ಮಜ್ಜಿಗೆ ಕೊಡ್ಲಿ?"

ಅವರು ಅಂದು ಸರಿಯಾಗಿ ಊಟ ಮಾಡಲಿಲ್ಲ. ಬೆಳಿಗ್ಗೆ ನನ್ನ ಹೆಸರು ಸಾಕ್ಷಿಗಳ ಪಟ್ಟಿಗೆ ಸೇರಿತು. ವೀರಾಚಾರಿ ಇನ್ನೊಂದು ತಲೆನೋವಾದ. ಕೋರ್ಟೆಂದರೆ ಕೈ ನಡುಗುತ್ತದೆ, ಕರಗಿಸಿದ್ದು ನಾನೇ ಎಂದರೆ ನನ್ನನ್ನೂ ಕೂರಿಸುತ್ತಾರೆ ಎಂದು ಅಂಗಡಿ ಹಿಂದೆ ಅಡಗಿದ. ಅವನನ್ನು ಹೊರಡಿಸಲು ನಾನೇ ಹೋಗಬೇಕಾಯಿತು. ಮೂವತ್ತು ಗಂಡಸರ ನಡುವೆ ಒಂಟಿ ಹೆಂಗಸು ನಾನು ಹೋಗುತ್ತಿದ್ದೇನೆ, ಮೀಸೆ ಹೊತ್ತ ನೀವು ಬರುವುದಿಲ್ಲವೋ ಎಂದು ಕೇಳಿದೆ. ಅಗ್ಗಿಷ್ಟಿಕೆ, ಮೂಸೆ, ಊದುಗೊಳವೆ ಎಲ್ಲ ಗಂಟು ಕಟ್ಟಿಕೊಂಡು ರೈಲು ಹತ್ತಿದ.

ಕೋರ್ಟಿನ ಒಳಗೆ ನಾನು ಅದೇ ಮೊದಲು ಕಾಲಿಟ್ಟದ್ದು. ಇಷ್ಟು ವರ್ಷ ಇವರು ದಿನಾ ಹೋಗುವ ಜಾಗ ನಮ್ಮೂರ ಪಂಚಾಯಿತಿ ಕಟ್ಟೆಗಿಂತ ದೊಡ್ಡದೇನೂ ಅಲ್ಲ ಎಂದು ನೋಡಿ ಸ್ವಲ್ಪ ಧೈರ್ಯ ಬಂತು. ಪ್ರಮಾಣ ಮಾಡಿಸಿದರು. ಹೆಸರು ಕೇಳಿದರು, ಹೇಳಿದೆ. ಗಂಡನ ಹೆಸರು ಎಂದರು. ಅಲ್ಲಿಗೆ ನನ್ನ ಬಾಯಿ ನಿಂತಿತು. ನಮ್ಮ ಕಡೆ ಗಂಡನ ಹೆಸರು ಹೇಳಿದವರುಂಟೇ? ಸಾಯುವವರೆಗೂ ನಮ್ಮಮ್ಮ ಒಂದು ಸಲವೂ ನಮ್ಮಪ್ಪನ ಹೆಸರು ಎತ್ತಲಿಲ್ಲ. "ಇಗೋ, ಇಲ್ಲೇ ನಿಂತವ್ರಲ್ಲ ಸ್ವಾಮಿ," ಎಂದು ಯಜಮಾನರ ಕಡೆ ಕೈ ತೋರಿಸಿದೆ. ಜನ ನಕ್ಕರು. ಮ್ಯಾಜಿಸ್ಟ್ರೇಟರು ಒಳ್ಳೆಯವರು, ನಗಲಿಲ್ಲ. ತಾಯಿ, ಕೈ ತೋರಿಸಿದ್ದನ್ನು ಬರೆದುಕೊಳ್ಳಲು ಬರುವುದಿಲ್ಲ, ಬಾಯಿಂದ ಹೇಳಬೇಕು ಎಂದರು. ನಾನು ಸೆರಗು ಎಳೆದುಕೊಂಡು ಹೇಳಿದೆ, "ಜಯರಾಮಪ್ಪ."

ಎಷ್ಟು ಜೋರಾಗಿ ಹೇಳಿದೆನೆಂದರೆ ವರಾಂಡದಲ್ಲಿದ್ದ ಜವಾನ ಯಾರನ್ನೋ ಕರೆಯುತ್ತಿದ್ದಾರೆಂದು ಒಳಗೆ ಇಣುಕಿದ. ಇವರು ಕೈಯಲ್ಲಿದ್ದ ಕಾಗದ ನೋಡುತ್ತಾ ನಿಂತಿದ್ದರು, ಕಿವಿ ಮಾತ್ರ ಕೆಂಪಾಗಿತ್ತು.

ಆಮೇಲೆ ಸರ್ಕಾರಿ ವಕೀಲರು ಎದ್ದರು. ನಿಮ್ಮ ಪೆದ್ದಮ್ಮ ಅವರ ಮುಂದೆ ಏನೂ ಅಲ್ಲ. ಆರೋಪಿಯ ವಕೀಲರು ನಿಮ್ಮ ಗಂಡ, ಗಂಡನಿಗೆ ಬೇಕಾದ ಹಾಗೆ ನೀವು ಹೇಳುತ್ತೀರಿ, ಅಲ್ಲವೇ? ಈ ಸರ ನಿಮ್ಮದೇ ಎನ್ನುವುದಕ್ಕೆ ಏನು ಗುರುತು? ಹೀಗೆ ಒಂದೊಂದೇ ಕೇಳಿದರು. ಗುರುತು ಹೇಳಿದೆ. ಕೊಂಡಿಯ ಹತ್ತಿರ ಒಮ್ಮೆ ಕಡಿದು, ಇದೇ ಆಚಾರಿ ಬೆಸುಗೆ ಹಾಕಿದ್ದ. ಕೋದಂಡ ಕೂಸಾಗಿದ್ದಾಗ ಎಳೆದು ಕಡಿದದ್ದು. ಅವರು ಸರ ಎತ್ತಿ ನೋಡಿ, ಬೆಸುಗೆ ಕಂಡು, ಪಟ್ಟು ಬದಲಾಯಿಸಿದರು. ಈ ಸರದಿಂದ ಏನು ಸಾಧಿಸಬೇಕೆಂದು ನಿಮ್ಮ ಯಜಮಾನರು ನಿಮಗೆ ಹೇಳಿಕೊಟ್ಟಿದ್ದಾರೆ, ಮನೆಯಲ್ಲಿ ಕೇಸಿನ ಮಾತು ಆಡುತ್ತಾರೆ, ನಿಜವೋ ಸುಳ್ಳೋ ಹೇಳಿ ಎಂದರು.

ಪ್ರಮಾಣ ಮಾಡಿದ ಬಾಯಿ. "ನನ್ ತಾವ ಆಡಲ್ಲ ಸ್ವಾಮಿ," ಎಂದೆ. "ನಮ್ಮನೆ ಅಸ ಐತೆ, ಅದರ ಮುಂದೆ ಏಳ್ಕೊಂತಾರೆ. ಬಚ್ಚಲಾಗೆ ಇದ್ರೆ ನಂಗೂ ಕೇಳಿಸ್ತದೆ. ಸರ ಕೊಡು ಅಂತ ಅಸಕ್ಕೂ ಏಳಿಲ್ಲ, ನಂಗೂ ಏಳಿಲ್ಲ. ನಾನೇ ಬಿಚ್ಚಿ ಕೊಟ್ಟೆ."

ಇಡೀ ಕೋರ್ಟು ನಕ್ಕಿತು. ಸರ್ಕಾರಿ ವಕೀಲರೂ ನಕ್ಕು ಕೂತುಬಿಟ್ಟರು. ನೀನು ಕೇಳಿದ ಪ್ರಶ್ನೆಗೆ ನಾನು ಅಂದೇ ಉತ್ತರ ಹೇಳಿದ್ದೇನೆ ನೋಡು. ಲಾಯರ ಮನೆಯಲ್ಲಿ ನಿಜ ಯಾವುದೆಂದು ಹೆಂಗಸರಿಗೆ ಗೊತ್ತಾಗುತ್ತದೆ. ಅದನ್ನು ಎಲ್ಲೆಂದರಲ್ಲಿ ಆಡುವುದಿಲ್ಲ, ಆಡಬೇಕಾದ ಕಡೆ ಮುಚ್ಚುವುದಿಲ್ಲ.

ಕೋರ್ಟಿನ ಅಂಗಳದ ಹುಣಸೆಮರದ ಕೆಳಗೆ ವೀರಾಚಾರಿ ಅಗ್ಗಿಷ್ಟಿಕೆ ಹಚ್ಚಿದ. ಮ್ಯಾಜಿಸ್ಟ್ರೇಟರು ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ನನ್ನ ಸರ ಮೂಸೆಯಲ್ಲಿ ಮೆತ್ತಗಾಗಿ, ಎಳೆ ಎಳೆ ಸೇರಿ, ಕೊನೆಗೆ ಒಂದು ಹನಿಯಾಯಿತು. ಕನ್ನಿಯಮ್ಮ ನನ್ನ ಕೈ ಹಿಡಿದುಕೊಂಡೇ ನಿಂತಿದ್ದಳು. ಸರ್ಕಾರದ ಕಡೆಯ ಪರೀಕ್ಷಕರು ಆರುಮುಗನ ಗಟ್ಟಿಯನ್ನೂ ನನ್ನ ಗಟ್ಟಿಯನ್ನೂ ಒರೆಗಲ್ಲಿನ ಮೇಲೆ ಪಕ್ಕಪಕ್ಕದಲ್ಲಿ ಎಳೆದರು. ಗಣಿಯ ಚಿನ್ನದ ಚೂರೊಂದನ್ನೂ ತಂದಿದ್ದರು, ಅದನ್ನೂ ಎಳೆದರು. ಮೂರು ಗೆರೆ. ನನ್ನದೂ ಅವನದೂ ಅಕ್ಕತಂಗಿಯರ ಹಾಗಿದ್ದವು, ಮೂರನೆಯದು ಬೇರೆ ಮನೆಯದು. ಕಣ್ಣಿದ್ದವರೆಲ್ಲ ಕಂಡರು. ಪರೀಕ್ಷಕರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆರುಮುಗಂ ಬಿಡುಗಡೆಯಾದ.

ತೀರ್ಪಿನ ಮೇಲೆ ಅಪೀಲಿನ ಗಡುವು ಮುಗಿಯುವವರೆಗೆ ಎರಡು ಗಟ್ಟಿಗಳೂ ಕೋರ್ಟಿನಲ್ಲೇ ಇದ್ದವು. ಆಮೇಲೆ ಅವನದು ಅವನಿಗೆ, ನನ್ನದು ನನಗೆ ಬಂತು. ನನ್ನದನ್ನು ಬಿಳಿ ಬಟ್ಟೆಯಲ್ಲಿ ಹೊಲಿದು, ಚೀಟಿ ಅಂಟಿಸಿ, ಕೆಂಪು ಅರಗಿನ ಮುದ್ರೆ ಒತ್ತಿದ್ದರು. ಯಜಮಾನರು ಅದನ್ನು ನನ್ನ ಕೈಗೆ ಕೊಟ್ಟು, ನಾಳೆಯೇ ವೀರಾಚಾರಿಯ ಹತ್ತಿರ ಹೋಗಿ ಸರ ಮಾಡಿಸಿಕೊ ಎಂದರು.

ಅಷ್ಟು ಹೊತ್ತಿಗೆ ಬಂಗಾರಪೇಟೆಯಲ್ಲಿ ಬೇರೆ ಕಥೆ ಹುಟ್ಟಿತ್ತು. ಕೋರ್ಟಿನಲ್ಲಿದ್ದವರು ಕಂಡದ್ದು ಒಂದು, ಇಲ್ಲಿ ಬಾವಿಕಟ್ಟೆಯಲ್ಲಿ ಹರಡಿದ್ದು ಇನ್ನೊಂದು. ಸರ ಕರಗಿಸಿದ್ದೆಲ್ಲ ನಾಟಕ, ಗೆದ್ದ ಮೇಲೆ ಗಣಿಯ ಚಿನ್ನದ ಗಟ್ಟಿಯೇ ಲಾಯರ ಮನೆ ಸೇರಿತು ಎಂದರು. ಕಂಡವರಿದ್ದಾರೆ, ಲಾಯರಮ್ಮನ ಪೆಟ್ಟಿಗೆಯಲ್ಲಿ ಗಟ್ಟಿ ಇದೆ ಎಂದರು. ಗಟ್ಟಿ ಇದ್ದದ್ದು ನಿಜವೇ. ಊರ ಬಾಯಿ ಎಲ್ಲಿ ನಿಜವನ್ನು ಹಿಡಿದುಕೊಂಡು ಸುಳ್ಳನ್ನು ಹೊಲಿಯುತ್ತದೆಂದು ಹೇಳಲಾಗದು. ನಮ್ಮಣ್ಣನ ಹೆಂಡತಿಯೇ ಬಂದು, ಸರ ಹಾಕಿಕೋ, ಆದರೆ ಎಲ್ಲಿಯದೆಂದು ಕೇಳಿದರೆ ತವರಿನದೆನ್ನು ಎಂದು ಬುದ್ಧಿ ಹೇಳಿದಳು. ತವರಿನದೇ ತಾನೇ ಅದು! ನನಗೆ ಬಂದ ಸಿಟ್ಟಿಗೆ ಅವಳಿಗೆ ಕಾಫಿಯನ್ನೂ ಕೊಡಲಿಲ್ಲ.

ಆಗಲೇ ನಿಶ್ಚಯ ಮಾಡಿದೆ. ಮುದ್ರೆ ಇರುವವರೆಗೆ ಈ ಚಿನ್ನಕ್ಕೆ ಕೋರ್ಟೇ ಸಾಕ್ಷಿ. ಒಡೆದು ಸರ ಮಾಡಿಸಿಕೊಂಡ ಮರುಗಳಿಗೆ ನಮ್ಮ ಬಾಯಿಮಾತೊಂದೇ ಸಾಕ್ಷಿ, ಅದನ್ನು ನಂಬುವವರು ಯಾರು? ನನ್ನ ಕೊರಳಿನಲ್ಲಿ ಹೊಸ ಸರ ಹೊಳೆದಷ್ಟೂ ಇವರ ಹೆಸರಿಗೆ ಮಸಿ. ಹಾಗಾಗಿ ಒಡೆಯಲಿಲ್ಲ. ದಾರವೇ ಇರಲಿ ಎಂದೆ. ಇವರು ಬೇಸರಪಟ್ಟು ಬೇರೆ ಸರ ಕೊಡಿಸುತ್ತೇನೆ ಎಂದರು, ಅದಕ್ಕೂ ಇದೇ ಕಥೆ ಕಟ್ಟುತ್ತಾರೆ ಬೇಡ ಎಂದೆ. ಅಂದಿನಿಂದ ಹಬ್ಬಕ್ಕೊಮ್ಮೆ ದಾರ ಬದಲಾಯಿಸಿ ಹೊಸ ಅರಿಶಿನ ಹಚ್ಚುತ್ತೇನೆ. ಜನ ಮೊದಲು ಗಟ್ಟಿ ಎಲ್ಲಿ ಎಂದು ಕೇಳುತ್ತಿದ್ದರು, ಈಗ ಒಡವೆ ಎಲ್ಲಿ ಎಂದು ಕೇಳುತ್ತಾರೆ. ಎರಡಕ್ಕೂ ಉತ್ತರ ಒಂದೇ ಪೆಟ್ಟಿಗೆಯಲ್ಲಿದೆ.

ಇದನ್ನೆಲ್ಲ ನೊಂದುಕೊಂಡು ಹೇಳುತ್ತಿದ್ದೇನೆ ಎಂದುಕೊಳ್ಳಬೇಡ. ಆರುಮುಗನ ಮಗಳ ಮದುವೆ ಅದೇ ವರ್ಷ ಅದೇ ಲೈನಿನಲ್ಲಿ ಆಯಿತು. ನಮ್ಮಿಬ್ಬರನ್ನೂ ಕರೆಯಲು ಗಂಡ ಹೆಂಡತಿ ಬಂದರು. ನಮ್ಮ ನೆಂಟರಲ್ಲಿ ಕೆಲವರು, ಲೈನಿನವರ ಮನೆಗೆ ಊಟಕ್ಕೆ ಹೋಗುತ್ತೀರಾ ಎಂದು ಕೇಳಿದರು. ಹೋದೆವು, ಕೂತು ಊಟ ಮಾಡಿದೆವು, ಎರಡನೆಯ ಸಲ ಪಾಯಸ ಕೇಳಿ ಹಾಕಿಸಿಕೊಂಡೆವು. ತಾಳಿಯನ್ನು ತಟ್ಟೆಯಲ್ಲಿಟ್ಟು ಮುತ್ತೈದೆಯರ ಕೈಯಲ್ಲಿ ಮುಟ್ಟಿಸಿಕೊಂಡು ಬರುವ ಪದ್ಧತಿ ಉಂಟಲ್ಲ, ಆರುಮುಗಂ ತಾನೇ ತಟ್ಟೆ ಹಿಡಿದುಕೊಂಡು ಎಲ್ಲರನ್ನೂ ದಾಟಿ ನನ್ನ ಮುಂದೆ ಬಂದು ನಿಂತ. "ಅಮ್ಮಾ, ನೀಂಗ ಮುಟ್ಟಿ ಕುಡುಂಗ. ಆಮೇಲೇನೇ ಬಾಕಿಯೋರು," ಎಂದ. ನೀವೇ ಮೊದಲು ಮುಟ್ಟಿ ಕೊಡಿ ಎಂದು ಅವನ ಮಾತು. ಅಲ್ಲಿ ಮೈತುಂಬ ಒಡವೆ ಹಾಕಿಕೊಂಡ ಹೆಂಗಸರಿದ್ದರು. ಬರೀ ದಾರದ ಕೊರಳಿನವಳು ನಾನೊಬ್ಬಳೇ. ನಾನೇ ಮೊದಲು ಮುಟ್ಟಿದೆ. ಆದಿಲಕ್ಷ್ಮಿ, ನನ್ನ ಜನ್ಮದಲ್ಲಿ ನಾನು ಅಷ್ಟು ಎತ್ತರ ಎಂದೂ ಇರಲಿಲ್ಲ. ಕಣ್ಣಲ್ಲಿ ನೀರು ಬಂತು, ಒಲೆಯ ಹೊಗೆ ಎಂದೆ. ಹತ್ತಿರದಲ್ಲಿ ಒಲೆಯೇ ಇರಲಿಲ್ಲ.

ಇನ್ನೊಂದು ಪ್ರಶ್ನೆ ನಿನ್ನ ಮನಸ್ಸಿನಲ್ಲಿ ಇರಬಹುದು, ನೀನು ಕೇಳದೆ ಬಿಟ್ಟದ್ದು. ಆರುಮುಗಂ ತಪ್ಪು ಮಾಡಿರಲಿಲ್ಲ ಸರಿ, ನಿಜವಾಗಿ ತಪ್ಪು ಮಾಡಿದವನು ಬಂದರೆ? ಬರುತ್ತಾರೆ. ಇವರು ಅವರ ಪರವಾಗಿಯೂ ನಿಲ್ಲುತ್ತಾರೆ, ನಾಳೆ ಕೋದಂಡನೂ ನಿಲ್ಲುತ್ತಾನೆ. ಅದು ನಿನ್ನ ಮನಸ್ಸಿಗೆ ಒಗ್ಗದಿದ್ದರೆ ಈಗಲೇ ಬೇಡ ಎನ್ನು. ನನಗೂ ಮೊದಮೊದಲು ಒಗ್ಗಲಿಲ್ಲ. ಒಮ್ಮೆ ಕೇಳಿಯೂ ಕೇಳಿದೆ. ಅದಕ್ಕೆ ಇವರು, "ತಪ್ಪು ಮಾಡ್ದೋನು ಅಂತ ಏಳೋದು ಕೋರ್ಟು, ನಾನೂ ಅಲ್ಲ, ಬಾವಿಕಟ್ಟೇನೂ ಅಲ್ಲ. ಅಲ್ಲೀವರ್ಗೂ ಅವ್ನ ಪಕ್ಕ ಒಬ್ಬ ನಿಂತಿರ್ಬೇಕು ಅನಸೂಯ," ಎಂದರು. ಸೋತದ್ದೂ ಇದೆ. ಸೋತ ದಿನ ಊಟ ಮುಗಿಸಿ ಹಸುವಿನ ಕತ್ತು ತುರಿಸುತ್ತಾ ಕೂರುತ್ತಾರೆ. ಆಗ ನಾನು ಏನೂ ಕೇಳುವುದಿಲ್ಲ. ಸಾಕ್ಷಿಗೆ ಹೀಗೆನ್ನು ಹಾಗೆನ್ನು ಎಂದು ಹೇಳಿಕೊಟ್ಟದ್ದನ್ನು ಮಾತ್ರ ಆ ಕೊಟ್ಟಿಗೆಯ ಮುಂದೆ ನಾನು ಎಂದೂ ಕೇಳಿಲ್ಲ. ಅದಕ್ಕೆ ನಾನು ಮತ್ತೆ ಬೇಕಾದರೂ ಪ್ರಮಾಣ ಮಾಡುತ್ತೇನೆ.

ಭಾನುವಾರ ನಿಮ್ಮ ಮನೆಯಿಂದ ಬಂದ ಮೇಲೆ ಪೆಟ್ಟಿಗೆ ತೆಗೆದು ಆ ಬಟ್ಟೆಯ ಗಂಟನ್ನು ನೋಡಿದೆ. ಬಟ್ಟೆ ಹಳದಿಯಾಗಿದೆ. ಅರಗು ಒಂದು ಕಡೆ ಸ್ವಲ್ಪ ಬಿರುಕು ಬಿಟ್ಟಿದೆ, ಮುದ್ರೆ ಹಾಗೇ ಇದೆ. ಇಷ್ಟು ವರ್ಷ ಅದನ್ನು ಯಾಕೆ ಇಟ್ಟುಕೊಂಡಿದ್ದೆ ಎಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ನೀನು ತಂಬಿಗೆ ಹಿಡಿದುಕೊಂಡು ಆ ಮಾತು ಕೇಳಿದ ಮೇಲೆ ಗೊತ್ತಾಯಿತು. ನಮ್ಮ ಬಾಯಿಮಾತನ್ನು ನಂಬುವ ಒಬ್ಬಳು ಬರಲೆಂದು ಕಾಯುತ್ತಿದ್ದೆ. ಹೇಳಿದ್ದನ್ನೆಲ್ಲ ನಂಬುವವಳಲ್ಲ. ಕೇಳಿ ತಿಳಿದುಕೊಂಡು ನಂಬುವವಳು.

ನೀನು ಊಂ ಎಂದರೆ ನಮ್ಮ ಕಡೆಯ ತಾಳಿಯನ್ನು ಈ ಚಿನ್ನದಲ್ಲಿ ಮಾಡಿಸೋಣವೆಂದು ನನ್ನ ಆಸೆ. ವೀರಾಚಾರಿಗೆ ವಯಸ್ಸಾಗಿದೆ, ಆದರೆ ಈ ಒಂದು ಕೆಲಸಕ್ಕೆ ಕೈ ನಡುಗದು ಎಂದಿದ್ದಾನೆ. ಮುದ್ರೆ ಒಡೆಯುವುದು ನಾನಲ್ಲ, ಇವರೂ ಅಲ್ಲ. ನೀನು ಬಂದು ನಿನ್ನ ಕೈಯಾರೆ ಒಡೆಯಬೇಕು. ಬೇರೆ ಚಿನ್ನವೇ ಬೇಕೆಂದರೆ ಹೇಳು, ಅದನ್ನೇ ಮಾಡಿಸುತ್ತೇವೆ, ನನಗೆ ಕೋಪವಿಲ್ಲ. ಏಕೆಂದರೆ ಈ ತಾಳಿ ಕಟ್ಟಿಕೊಂಡವಳನ್ನು ಊರು ಕೇಳಿಯೇ ಕೇಳುತ್ತದೆ, ಇದು ಎಲ್ಲಿಯ ಚಿನ್ನ ಎಂದು. ಮೊದಲು ಕೇಳುವವರು ನಿಮ್ಮ ಪೆದ್ದಮ್ಮನೇ ಇರಬಹುದು. ಆಗ ಕೋರ್ಟಿನ ಮುದ್ರೆ ಇರುವುದಿಲ್ಲ. ನೀನೇ ಬಾಯಿ ಬಿಟ್ಟು ಹೇಳಬೇಕು. ಏನು ಹೇಳಬೇಕೆಂದು ಈಗ ನಿನಗೆ ಗೊತ್ತು.

ದೀರ್ಘ ಸುಮಂಗಲಿಯಾಗೆಂದು ಈಗಲೇ ಹರಸಿದರೆ ಬಲವಂತ ಮಾಡಿದ ಹಾಗಾಗುತ್ತದೆ. ಆ ಮಾತನ್ನು ಎತ್ತಿಟ್ಟಿದ್ದೇನೆ. ಯಾವ ಮನೆಯ ದೀಪವಾದರೂ ಸರಿ, ಕೇಳುವ ನಿನ್ನ ಬಾಯಿ ಎಂದೂ ಕಟ್ಟದಿರಲಿ ಎಂದು ಹರಸುವ,

ಜಯರಾಮಪ್ಪನ ಹೆಂಡತಿ
ಅನಸೂಯಮ್ಮ